ದಾನವೋ, ಬಾಕಿಯೋ?

ಪ್ರತಿ ವರ್ಷ ರಂಝಾನ್ ತಿಂಗಳ ಕೊನೆಯ ವಾರದಲ್ಲಿ ನಾನು ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಗೆ ಹೋಗಿ ಬರುತ್ತೇನೆ. ಫುಪ್ಪುವಿಗೆ, ಎಂದರೆ ನನ್ನ ತಂದೆಯ ಅಕ್ಕನಿಗೆ, ಒಂದು ಸೀರೆ ಮತ್ತು ಒಂದಿಷ್ಟು ರೊಕ್ಕ ಕೊಟ್ಟು ಬರುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಆಕೆ ವಿಧವೆ. ವಯಸ್ಸು ಎಪ್ಪತ್ತರ ಆಸುಪಾಸು. ಇರುವ ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಝಕಾತ್‌ಗೆ ಅರ್ಹರಾದವರಲ್ಲಿ ಹತ್ತಿರದ ಸಂಬಂಧಿಕರಿಗೆ ಕೊಟ್ಟರೆ ಹೆಚ್ಚು ಪುಣ್ಯವೆಂದು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತವರು. ಆದ್ದರಿಂದ ಕೊಟ್ಟು ಬರುವಾಗ ನನ್ನ ಮನಸ್ಸು ಹಗುರವಾಗಿರುತ್ತಿತ್ತು.

2025ರ ರಂಝಾನ್‌ನಲ್ಲಿ ಮಾತ್ರ ಹಾಗಾಗಲಿಲ್ಲ. ನೋಟುಗಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಫುಪ್ಪು ಕೇಳಿದಳು: “ಯೇ ಕ್ಯಾ ಹೈ ಬೇಟಾ, ಝಕಾತ್ ಕಿ ಹಖ್?” ಇದು ಝಕಾತೋ ಅಥವಾ ನನ್ನ ಹಕ್ಕೋ ಎಂದು.

ಆ ಪ್ರಶ್ನೆಯಲ್ಲಿ ಸಿಟ್ಟು ಇರಲಿಲ್ಲ. ಸಂತೆಯಲ್ಲಿ ಬೆಲೆ ಕೇಳುವಂತೆ ಕೇಳಿದ್ದಳು. 2023ರ ಬರದಲ್ಲಿ ನಮ್ಮ ಹೊಲದ ಗೋವಿನಜೋಳ ಮೊಳಕಾಲೆತ್ತರಕ್ಕೆ ಒಣಗಿತ್ತು. ಮುಂದಿನ ವರ್ಷ ಬೆಳೆ ಪರಿಹಾರದ ಹಣ ಬಂದಾಗ ಅದು ಪಟ್ಟಣದಲ್ಲಿ ನೌಕರಿ ಮಾಡುವ ನನ್ನ ಮತ್ತು ನನ್ನ ಅಣ್ಣನ ಬ್ಯಾಂಕ್ ಖಾತೆಗಳಿಗೆ ಜಮಾ ಆಯಿತು. ಬೀಜ ಬಿತ್ತಿಸಿದವಳು, ಕಸ ತೆಗೆದವಳು, ಒಣಗಿದ ದಂಟನ್ನು ದನಗಳಿಗೆ ಕೊಯ್ದು ಹಾಕಿದವಳು ಫುಪ್ಪು. ಆದರೆ ಪಹಣಿಯಲ್ಲಿ ಹೆಸರಿರುವುದು ನಮ್ಮದು. ಓಣಿಯ ಹೆಂಗಸರು ಅದನ್ನೆಲ್ಲ ಆಕೆಗೆ ಲೆಕ್ಕ ಹಾಕಿ ಹೇಳಿದ್ದರು.

ನಾನು ಉತ್ತರ ಕೊಡಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ. ಈ ಬರಹ ಅಂದು ಕೊಡಬೇಕಾಗಿದ್ದ ಉತ್ತರ.

ಆ ಹೊಲ ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನನ್ನ ದಾದಾ, ಎಂದರೆ ಅಬ್ಬಾನ ತಂದೆ, ಗೇಣಿದಾರರು. ಐದು ಎಕರೆ ಎರೆಹೊಲ ಬೇರೆಯವರದು, ಬೆವರು ನಮ್ಮವರದು. ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರಲ್ಲಿ ಜಾರಿಗೆ ಬಂದಾಗ ದಾದಾ ಏಳನೆಯ ನಮೂನೆ ತುಂಬಿ ಅರ್ಜಿ ಹಾಕಿದರು. ಭೂನ್ಯಾಯ ಮಂಡಳಿಯ ಮುಂದೆ ಅಕ್ಕಪಕ್ಕದ ಹೊಲದವರು, ಈ ಹೊಲವನ್ನು ಉಳುತ್ತಿದ್ದವನು ಇವನೇ ಎಂದು ಸಾಕ್ಷಿ ಹೇಳಿದರು. ಹೊಲ ನಮ್ಮದಾಯಿತು. ಆ ಕಾಯ್ದೆಯಿಂದ ಬದುಕು ಕಟ್ಟಿಕೊಂಡ ಅಸಂಖ್ಯ ಕುಟುಂಬಗಳಲ್ಲಿ ನಮ್ಮದೂ ಒಂದು. ಅದರ ಋಣ ನನ್ನ ಮೇಲೆ, ನನ್ನ ಓದಿನ ಮೇಲೆ ಇದೆ.

ಅಂದಿನ ಘೋಷಣೆ ಎಲ್ಲರಿಗೂ ಗೊತ್ತು: ಉಳುವವನೇ ಹೊಲದೊಡೆಯ. ದುಡಿಮೆಯೇ ಒಡೆತನಕ್ಕೆ ಆಧಾರ ಎಂಬ ದೊಡ್ಡ ನೀತಿ ಅದರಲ್ಲಿದೆ. ಪಾಳುಬಿದ್ದ ನೆಲಕ್ಕೆ ಜೀವ ತುಂಬಿದವನಿಗೇ ಆ ನೆಲ ಸಲ್ಲುತ್ತದೆ ಎಂಬ ಪ್ರವಾದಿ ವಚನದ ಆಶಯವೂ ಇದಕ್ಕೆ ದೂರವಲ್ಲ. ಆದರೆ ಆ ಘೋಷಣೆಯ ಮೊದಲ ಶಬ್ದವನ್ನೇ ಒಮ್ಮೆ ನಿಧಾನವಾಗಿ ಓದಿ ನೋಡಿ. ಉಳುವವನು. ರಂಟೆ ಹಿಡಿಯುವುದು ನಮ್ಮಲ್ಲಿ ಗಂಡಸಿನ ಕೆಲಸ. ಹೆಂಗಸು ರಂಟೆ ಮುಟ್ಟಬಾರದೆಂಬ ನಂಬಿಕೆ ಎಷ್ಟೋ ಊರುಗಳಲ್ಲಿತ್ತು. ಹಾಗಾದರೆ ಒಕ್ಕಲುತನವೆಂದರೆ ಉಳುಮೆ ಮಾತ್ರವೇ? ಕೂರಿಗೆಯ ಹಿಂದೆ ನಡೆಯುತ್ತ, ಸಾಲಿಗೆ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಬೊಗಸೆಯಿಂದ ಬೀಜ ಬಿಡುತ್ತಿದ್ದವಳು ಫುಪ್ಪು. ಆಗ ಆಕೆಗೆ ಹದಿನೆಂಟು ವರ್ಷ. ಕುರ್ಪಿ ಹಿಡಿದು ಕಸ ತೆಗೆದವಳು, ಹತ್ತಿ ಬಿಡಿಸಿ ಉಡಿ ತುಂಬಿಕೊಂಡವಳು, ಜೋಳದ ತೆನೆ ಮುರಿದವಳು, ಮರುವರ್ಷದ ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಕಾದಿಟ್ಟವಳು ಆಕೆ ಮತ್ತು ನನ್ನ ದಾದಿ. ಒಂದು ಹಂಗಾಮಿನಲ್ಲಿ ರಂಟೆ ಓಡುವುದು ಕೆಲವೇ ದಿನ. ಉಳಿದ ದಿನಗಳ ದುಡಿಮೆಗೆ ಸಾಕ್ಷಿ ಹೇಳಲು ಮಂಡಳಿಯ ಮುಂದೆ ಯಾರನ್ನೂ ಕರೆಯಲಿಲ್ಲ. ಇಡೀ ಮನೆ ದುಡಿದು ಗೆದ್ದ ಹೊಲ ಒಂದೇ ಹೆಸರಿನಲ್ಲಿ ದಾಖಲಾಯಿತು.

ದಾದಾ 2001ರಲ್ಲಿ ತೀರಿಕೊಂಡರು. ದಾದಿ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ನಮ್ಮ ಶರೀಅತ್ ಪ್ರಕಾರ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. ಐದು ಎಕರೆಯಲ್ಲಿ ಲೆಕ್ಕ ಸುಲಭ: ಅಬ್ಬಾಗೆ ಎರಡು, ಚಚ್ಚಾಗೆ ಎರಡು, ಫುಪ್ಪುವಿಗೆ ಒಂದು. ಆದರೆ ವಾರಸಾ ಅರ್ಜಿಯ ಜೊತೆಗೆ ಒಂದು ಒಪ್ಪಿಗೆ ಪತ್ರ ಹೋಯಿತು. ನನ್ನ ಹಕ್ಕನ್ನು ನನ್ನ ತಮ್ಮಂದಿರಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ, ಯಾವ ತಕರಾರೂ ಇರುವುದಿಲ್ಲ ಎಂಬ ಪತ್ರ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಫುಪ್ಪು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಆ ಪತ್ರ ಬರೆದವನು ನಾನು. ಇಪ್ಪತ್ತೊಂದರ ಹುಡುಗ. ಕನ್ನಡ, ಉರ್ದು ಎರಡೂ ಚೆನ್ನಾಗಿ ಬರೆಯುತ್ತಾನೆಂದು ಮನೆಯಲ್ಲಿ ಹೆಮ್ಮೆ. “ಸ್ವಸಂತೋಷದಿಂದ” ಎಂಬ ಶಬ್ದ ಸೇರಿಸಿದ್ದು ನಾನೇ. ಓದಿ ಹೇಳಿದಾಗ ಫುಪ್ಪು ಅಂದದ್ದು ಇಷ್ಟೇ: “ತವರಿನ ಬಾಗಿಲ ಮುಚ್ಚಬಾರದಪಾ, ಅಷ್ಟ ಸಾಕು.” ಈ ಮಾತು ಸಂತೋಷದ್ದೋ ಭಯದ್ದೋ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಆ ವೇಳೆಗೆ ನಾನು ಹೆಣ್ಣಿನ ಸಂಕಟದ ಬಗ್ಗೆ ಒಂದಷ್ಟು ಕತೆಗಳನ್ನು ಬರೆದು ಮುಗಿಸಿದ್ದೆ.

ಇದು ನಮ್ಮ ಮನೆಯದೊಂದೇ ಕತೆಯಲ್ಲ, ನಮ್ಮ ಸಮುದಾಯದ್ದೂ ಅಲ್ಲ. ತಂದೆತಾಯಿ ಬಿಟ್ಟುಹೋದ ಆಸ್ತಿ ಸ್ವಲ್ಪವಿರಲಿ, ಹೆಚ್ಚಿರಲಿ, ಅದರಲ್ಲಿ ಗಂಡಿಗೂ ಪಾಲಿದೆ, ಹೆಣ್ಣಿಗೂ ಪಾಲಿದೆ ಎಂದು ಪವಿತ್ರ ಕುರ್‌ಆನಿನ ನಿಸಾ ಅಧ್ಯಾಯ ಸಾರಿ ಹದಿನಾಲ್ಕು ಶತಮಾನಗಳಾದವು. ಆದರೂ 1937ರ ಶರೀಅತ್ ಅನ್ವಯ ಕಾಯ್ದೆ ರೂಪುಗೊಂಡಾಗ ಕೃಷಿಭೂಮಿಯನ್ನು ಅದರಿಂದ ಹೊರಗಿಡಲಾಯಿತು. ಮದ್ರಾಸ್ ಪ್ರಾಂತ್ಯ ಆ ಹೊರತನ್ನು ತೆಗೆದದ್ದು 1949ರಲ್ಲಿ. ಹಿಂದೂ ಸೋದರಿಯರ ದಾರಿಯೂ ಸುಲಭದ್ದಾಗಿರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲಿ ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅದರ ಅರ್ಥದ ಬಗ್ಗೆ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟ್ ಬಗೆಹರಿಸಿದ್ದು 2020ರಲ್ಲಿ. ಇಷ್ಟೆಲ್ಲ ಆದ ಮೇಲೂ ಅಕ್ಕತಂಗಿಯರಿಗೆ ಅರಿಷಿಣ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ನಮ್ಮಲ್ಲಿ ಅದಕ್ಕೆ “ಮಾಫ್ ಮಾಡಿಸಿಕೊಳ್ಳುವುದು” ಎನ್ನುತ್ತಾರೆ. ಹೆಸರು ಬೇರೆ, ಹೆಬ್ಬೆಟ್ಟು ಒಂದೇ. ಹೆಣ್ಣಿಗೆ ಅರ್ಧ ಪಾಲು ಯಾಕೆ ಎಂದು ನಮ್ಮನ್ನು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಕೊಡಲು ನಮ್ಮ ಸಭೆಗಳಲ್ಲಿ ಪಂಡಿತರು ಸಾಲುಗಟ್ಟಿ ನಿಲ್ಲುತ್ತಾರೆ. ಆ ಅರ್ಧವನ್ನಾದರೂ ನಾವು ಕೊಟ್ಟಿದ್ದೇವೆಯೇ ಎಂದು ಕೇಳುವವರು ಕಡಿಮೆ.

ಲೆಕ್ಕವನ್ನು ದೇಶದ ಮಟ್ಟದಲ್ಲಿ ನೋಡೋಣ. 2015-16ರ ಕೃಷಿ ಗಣತಿಯಂತೆ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಂದಿ. ಅವರ ಕೈಯಲ್ಲಿದ್ದ ನೆಲ ನೂರಕ್ಕೆ 12 ಪಾಲನ್ನೂ ಮುಟ್ಟುವುದಿಲ್ಲ. ಹೊಲಗಳಲ್ಲಿ ಬಗ್ಗಿ ದುಡಿಯುತ್ತಿರುವವರಲ್ಲಿ ಹೆಂಗಸರು ಎಷ್ಟೆಂದು ತಿಳಿಯಲು ಗಣತಿ ಬೇಕಿಲ್ಲ. ಜೂನ್ ತಿಂಗಳಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು.

ನಮ್ಮ ಪಹಣಿ ಪತ್ರಿಕೆಯಲ್ಲಿ ಒಂದು ವಿಶೇಷವಿದೆ. ಅದರ 9ನೆಯ ಕಾಲಮ್‌ನಲ್ಲಿ ಒಡೆಯರ ಹೆಸರು, 12ನೆಯ ಕಾಲಮ್‌ನಲ್ಲಿ ಸಾಗುವಳಿ ಮಾಡುವವರ ಹೆಸರು ಮತ್ತು ಬೆಳೆ. ಒಡೆಯನೇ ಬೇರೆ, ಬೆಳೆಯುವವನೇ ಬೇರೆ ಆಗಿರಬಹುದೆಂದು ಸರಕಾರಕ್ಕೂ ಗೊತ್ತು. ಆದರೆ ನಮ್ಮ ಪಹಣಿಯ ಸಾಗುವಳಿ ಕಾಲಮ್‌ನಲ್ಲಿರುವುದು “ಸ್ವಂತ” ಎಂಬ ಒಂದೇ ಶಬ್ದ. ನಾನು ಮತ್ತು ಅಣ್ಣ ಸ್ವಂತ ಸಾಗುವಳಿ ಮಾಡುತ್ತೇವಂತೆ! ನನ್ನ ಕೈಗೆ ಕುರ್ಪಿ ಕೊಟ್ಟರೆ ಕಸದ ಜೊತೆಗೆ ಬೆಳೆಯನ್ನೂ ಕಿತ್ತೇನು. ಬೆಳೆಸಾಲ, ಬೆಳೆವಿಮೆ, ಪರಿಹಾರ, 2019ರಿಂದ ಬರುತ್ತಿರುವ ಕೇಂದ್ರದ ಕಿಸಾನ್ ಸಮ್ಮಾನ್ ಹಣ, ಎಲ್ಲವೂ ಬಹುಮಟ್ಟಿಗೆ ಈ ಕಾಗದವನ್ನು ಹಿಡಿದೇ ನಡೆಯುತ್ತವೆ. ಹೆಸರಿಲ್ಲದವಳು ಈ ಯಾವ ಬಾಗಿಲಲ್ಲೂ ರೈತಳಲ್ಲ. ಸಾವಿನಲ್ಲೂ ಹೀಗೆಯೇ. ಹೊಲ ತನ್ನ ಹೆಸರಿನಲ್ಲಿಲ್ಲದ ಹೆಂಗಸು ಸಾಲಕ್ಕೆ ಹೆದರಿ ಪ್ರಾಣ ಕಳೆದುಕೊಂಡರೆ ಆಕೆ ರೈತರ ಲೆಕ್ಕಕ್ಕೆ ಬರದೆ ಗೃಹಿಣಿಯ ಲೆಕ್ಕಕ್ಕೆ ಹೋಗುತ್ತಾಳೆಂದು ಪತ್ರಕರ್ತ ಪಿ. ಸಾಯಿನಾಥ್ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ.

ಭೂಮಿಯ ಒಡೆತನ ಇಲ್ಲದಿದ್ದರೂ ದುಡಿಯುವವರನ್ನೆಲ್ಲ ರೈತರೆಂದು ಎಣಿಸಬೇಕೆಂಬ ಮಾತು 2007ರ ರಾಷ್ಟ್ರೀಯ ರೈತ ನೀತಿಯಲ್ಲಿಯೇ ಇದೆ. ಕೂಲಿಕಾರರು, ಗೇಣಿದಾರರು ಸಹ ಅದರ ವ್ಯಾಖ್ಯೆಯೊಳಗೆ ಬರುತ್ತಾರೆ. ಕೃಷಿವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ, 2012ರಲ್ಲಿ, ಮಹಿಳಾ ರೈತರ ಹಕ್ಕುಗಳಿಗಾಗಿ ಒಂದು ಖಾಸಗಿ ಮಸೂದೆ ಮಂಡಿಸಿದರು. ಹೊಲ ಯಾರ ಹೆಸರಿನಲ್ಲೇ ಇರಲಿ, ದುಡಿಯುವ ಹೆಂಗಸಿಗೆ ಪಂಚಾಯಿತಿಯ ಮಟ್ಟದಲ್ಲಿಯೇ ರೈತಳೆಂಬ ಪ್ರಮಾಣಪತ್ರ ಸಿಗಬೇಕೆಂಬುದು ಅದರ ತಿರುಳು. ಮಸೂದೆ ಕಾಯ್ದೆಯಾಗಲಿಲ್ಲ, ಅವಧಿ ಮುಗಿದು ಬಿದ್ದುಹೋಯಿತು. 2026ನ್ನು ಅಂತಾರಾಷ್ಟ್ರೀಯ ರೈತ ಮಹಿಳೆಯ ವರ್ಷವೆಂದು ವಿಶ್ವಸಂಸ್ಥೆ ಘೋಷಿಸಿದೆ. ಇಡೀ ಜಗತ್ತು ರೈತ ಮಹಿಳೆ ಎಂದು ಕರೆದವಳನ್ನು ನಮ್ಮೂರ ಕಾಗದ ಇನ್ನೂ ಕರೆದಿಲ್ಲ.

ಈಗ ಫುಪ್ಪುವಿನ ಪ್ರಶ್ನೆಗೆ ಬರುತ್ತೇನೆ. ಹೊಲದ ಹೆಂಗಸರಿಗಾಗಿ ಯೋಜನೆ, ತರಬೇತಿ, ಸಾಲ ಬಂದಾಗಲೆಲ್ಲ ನಾವು ಬಳಸುವ ಶಬ್ದಗಳನ್ನು ಗಮನಿಸಿ. ನೆರವು, ಸಹಾಯ, ಸಬಲೀಕರಣ. ಬಲ ನಮ್ಮ ಬಳಿ ಇದೆ, ಅವಳಿಗೆ ಸ್ವಲ್ಪ ಕೊಡುತ್ತೇವೆ ಎಂಬ ಧ್ವನಿ ಇವೆಲ್ಲದರಲ್ಲಿದೆ. ಇನ್ನೊಬ್ಬರದನ್ನು ಇಟ್ಟುಕೊಂಡವನು ಅದರಲ್ಲೇ ಒಂದು ತುಣುಕು ಮುರಿದು ಅವರ ಕೈಗಿಟ್ಟರೆ ಅದು ದಾನವಾದೀತೇ? ಸಾಲ ತೀರಿಸದವನು ಸಾಲ ಕೊಟ್ಟವನ ಮನೆಗೆ ಸಿಹಿ ಒಯ್ದರೆ ಸಾಲ ಹರಿದೀತೇ?

ಹಕ್ಕು ಎಂಬ ಕನ್ನಡ ಶಬ್ದ ಅರಬಿಯ ಹಖ್‌ನಿಂದ ಬಂದದ್ದು. ಅರಬಿಯಲ್ಲಿ, ಉರ್ದುವಿನಲ್ಲಿ ಹಖ್ ಎಂದರೆ ಸಲ್ಲಬೇಕಾದದ್ದು ಎಂದೂ ಹೌದು, ಸತ್ಯ ಎಂದೂ ಹೌದು. ಅಲ್ಲಾಹನ ನಾಮಗಳಲ್ಲೂ ಅದು ಒಂದು. ಕನ್ನಡಕ್ಕೆ ಬರುವಾಗ ಮೊದಲ ಅರ್ಥ ಬಂತು, ಎರಡನೆಯದು ಹಿಂದೆ ಉಳಿಯಿತು. ಸುಗ್ಗಿಯ ದಿನ ಬೆಳೆಯಲ್ಲಿ ಬಡವರಿಗೆ ತೆಗೆದಿಡಬೇಕಾದುದನ್ನು ಸಹ ಕುರ್‌ಆನ್ ಹಖ್ ಎಂದೇ ಕರೆಯುತ್ತದೆ. ಮಳೆ ನೀರಿನಲ್ಲಿ ಬೆಳೆದರೆ ಹತ್ತರಲ್ಲಿ ಒಂದು, ನೀರು ಎತ್ತಿ ಹಾಯಿಸಿ ಬೆಳೆದರೆ ಇಪ್ಪತ್ತರಲ್ಲಿ ಒಂದು. ನಮ್ಮ ಹಳ್ಳಿಗಳ ಹಳೆಯ ಪದ್ಧತಿಯಲ್ಲೂ ಈ ತಿಳಿವಳಿಕೆ ಇತ್ತು. ಕಣದಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರ, ಕುಂಬಾರರಿಗೆ ಆಯ ಅಳೆದು ಕೊಡುತ್ತಿದ್ದರು. ಅದನ್ನು ಯಾರೂ ಭಿಕ್ಷೆ ಎನ್ನುತ್ತಿರಲಿಲ್ಲ. ಕೆಲಸ ಮಾಡಿದ್ದಾರೆ, ಸಲ್ಲಬೇಕು, ಅಷ್ಟೆ. ಹೊರಗಿನವರ ದುಡಿಮೆಗೆ ಅಳತೆ ಇಟ್ಟ ಕಣದಲ್ಲಿ ಮನೆಯ ಹೆಣ್ಣುಮಗಳ ದುಡಿಮೆಗೆ ಅಳತೆ ಇರಲಿಲ್ಲ. ಅದು ಪ್ರೀತಿಯ ಲೆಕ್ಕಕ್ಕೆ ಹೋಯಿತು. ಪ್ರೀತಿಗೆ ಬೆಲೆ ಕಟ್ಟಬಾರದು, ನಿಜ. ಆದರೆ ಬೆಲೆ ಕೊಡಬಾರದೆಂಬ ಕಾರಣಕ್ಕಾಗಿಯೇ ಒಂದು ದುಡಿಮೆಯನ್ನು ಪ್ರೀತಿ ಎಂದು ಕರೆದರೆ?

ನನಗೆ ಎದುರಾದ ಆಕ್ಷೇಪಗಳನ್ನೂ ಇಲ್ಲಿ ಇಡುತ್ತೇನೆ. ಹೆಣ್ಣುಮಕ್ಕಳಿಗೂ ಹಂಚಿದರೆ ಹೊಲ ತುಂಡು ತುಂಡಾಗುತ್ತದೆ ಎನ್ನುತ್ತಾರೆ. ನಾಲ್ವರು ಗಂಡುಮಕ್ಕಳಿಗೆ ಹಂಚುವಾಗ ಈ ಚಿಂತೆ ಎಲ್ಲಿರುತ್ತದೆ? ಮದುವೆಯಲ್ಲಿ ಕೊಟ್ಟಾಯಿತಲ್ಲ ಎನ್ನುತ್ತಾರೆ. ಮದುವೆಯಲ್ಲಿ ಕೊಟ್ಟದ್ದು ಬಹುಪಾಲು ಬೀಗರ ಮನೆಗೆ ಹೋಯಿತು, ಅವಳ ಕೈಗಲ್ಲ. ಅವಳೇ ಒಪ್ಪಿ ಬಿಟ್ಟುಕೊಟ್ಟಳಲ್ಲ ಎನ್ನುತ್ತಾರೆ. ಇದು ಗಟ್ಟಿಯಾದ ವಾದ, ಏಕೆಂದರೆ ನಾನೇ ಅದನ್ನು ಬರೆದುಕೊಟ್ಟವನು. ಆದರೆ ಕೈಗೆ ಬಾರದ್ದನ್ನು ಬಿಟ್ಟುಕೊಡುವುದು ಹೇಗೆ? ಮೊದಲು ಪಾಲು ಅವಳ ಕೈಸೇರಲಿ. ಆಮೇಲೆ ಇಲ್ಲ ಎನ್ನುವ ಧೈರ್ಯ ಇದ್ದಾಗಲೂ ಅವಳು ತಮ್ಮನಿಗೆ ಕೊಟ್ಟರೆ ಅದು ನಿಜವಾದ ಕೊಡುಗೆ. ಇಲ್ಲ ಎಂದರೆ ತವರಿನ ಬಾಗಿಲು ಮುಚ್ಚುತ್ತದೆಂದು ಗೊತ್ತಿರುವವಳ ಹೌದು, ಹೌದೇ ಅಲ್ಲ.

ಇನ್ನೊಂದು ಮಾತಿಗೆ ಮಾತ್ರ ನನ್ನ ಬಳಿ ಸುಲಭದ ಉತ್ತರವಿಲ್ಲ. ಕಾಗದದಲ್ಲಿ ಹೆಸರು ಬಂದರೆ ಬದುಕು ಬದಲಾಗುತ್ತದೆಯೇ? ಹೆಂಡತಿಯ ಹೆಸರಿನಲ್ಲಿ ಹೊಲವಿಟ್ಟು ಎಲ್ಲ ವ್ಯವಹಾರವನ್ನೂ ತಾವೇ ನಡೆಸುವ ಗಂಡಂದಿರನ್ನು ನಾನು ಕಂಡಿದ್ದೇನೆ. ಹೆಸರೊಂದೇ ಸಾಲದು ಎಂಬುದು ನಿಜ. ಆದರೆ ಹೆಸರಿಲ್ಲದೆ ಯಾವುದೂ ಆರಂಭವಾಗುವುದಿಲ್ಲ. ಹೆಸರಿಗೆ ಬೆಲೆಯೇ ಇಲ್ಲವೆಂದಾದರೆ ಅದನ್ನು ಬಿಟ್ಟುಕೊಡಲು ಗಂಡಸರು ಇಷ್ಟೇಕೆ ಹಿಂಜರಿಯುತ್ತಾರೆ?

ಹೊಲದಲ್ಲಿ ದುಡಿಯುವ ಎಷ್ಟೋ ಹೆಂಗಸರಿಗೆ ಕೇಳಲು ತವರಿನ ಹೊಲವೂ ಇಲ್ಲ. ಅವರ ಹಖ್ ಕೂಲಿಯಲ್ಲಿದೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಎಷ್ಟು ಕೊಡಬೇಕು ಎಂಬಲ್ಲಿಗೆ ಬಂದಾಗ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಇನ್ನೊಂದು. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅದನ್ನು ಬಗ್ಗಿಸುವ ಉಪಾಯವೂ ಕೂಡಲೇ ಬಂತು: ಕೆಲಸವೇ ಬೇರೆ, ಗಂಡಸರದು ಭಾರದ ಕೆಲಸ ಎನ್ನುವುದು. ನಮ್ಮ ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ನೋಡಿದವರಿಗೆ ಈ ಭಾರದ ಅರ್ಥ ತಿಳಿಯುತ್ತದೆ. ಮಧ್ಯಾಹ್ನದ ಮೇಲೆ ಮೊಗ್ಗು ಮೊಗ್ಗಾಗಿ ಹುಡುಕಿ, ಒಳಗಿನ ಕಾಯಿ ನೋಯದಂತೆ ಉಗುರಿನಿಂದ ಗಂಡು ಭಾಗವನ್ನು ಬಿಡಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಒಂದು ಮೊಗ್ಗು ತಪ್ಪಿದರೂ ಬೀಜ ಕಲಬೆರಕೆ. ದಿನಕ್ಕೆ ನೂರಾರು ಮೊಗ್ಗು, ಬಗ್ಗಿದ ಬೆನ್ನು, ಬಿಸಿಲು. ಈ ಕೆಲಸಕ್ಕೆ ಹೆಂಗಸರೇ ಬೇಕು, ಅವರ ಬೆರಳು ಸೂಕ್ಷ್ಮ ಎನ್ನುತ್ತಾರೆ. ಬೆರಳು ಸೂಕ್ಷ್ಮವಾಗಿದ್ದರೆ ಕೂಲಿ ಹೆಚ್ಚಾಗಬೇಕಿತ್ತಲ್ಲವೇ?

ಒಬ್ಬೊಬ್ಬಳಾಗಿ ಕೇಳಿದಾಗ ಕೂಲಿಯೂ ಏರುವುದಿಲ್ಲ, ಪಾಲೂ ಬರುವುದಿಲ್ಲ. ಜೊತೆ ಸೇರಿದಾಗ ಏನಾಗಬಹುದೆಂಬುದಕ್ಕೆ ನಮ್ಮ ಸೀಮೆಯ ಪಕ್ಕದಲ್ಲೇ ಉದಾಹರಣೆ ಇದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ ಕೆಲವು ಹೆಂಗಸರು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಹಜ ಸಮೃದ್ಧ ಸಂಸ್ಥೆ ಬೆಂಬಲವಾಗಿ ನಿಂತಿತು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಸಿರಿಧಾನ್ಯ ಬೆಳೆಸುವುದು, ದೇಸಿ ಬೀಜಗಳ ಬ್ಯಾಂಕ್ ನಡೆಸುವುದು, ಧಾನ್ಯ ಸಂಸ್ಕರಿಸುವುದು ಅವರ ಕೆಲಸ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ಸಂತೋಷಪಡಬೇಕಾದ ಸುದ್ದಿ. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಬೀಜದ ಬ್ಯಾಂಕ್. ಫುಪ್ಪು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬೀಜಕ್ಕೆ ಮನೆಯಲ್ಲಿ ಹೆಸರಿರಲಿಲ್ಲ. ಇಲ್ಲಿ ಅದೇ ಕೆಲಸಕ್ಕೆ ಹೆಸರು, ಲೆಕ್ಕ, ಬೆಲೆ ಬಂದಿದೆ. ಅದನ್ನು ತಂದುಕೊಂಡವರು ಅವರೇ.

ಕಳೆದ ಬಕ್ರೀದ್‌ಗೆ ಹಳ್ಳಿಗೆ ಹೋದಾಗ ಅಣ್ಣನ ಮುಂದೆ ಮಾತು ತೆಗೆದೆ. ಐದು ಎಕರೆಯಲ್ಲಿ ಫುಪ್ಪುವಿನ ಒಂದು ಎಕರೆಯನ್ನು ಅಬ್ಬಾ ಮತ್ತು ಚಚ್ಚಾ ಅರ್ಧರ್ಧ ಮಾಡಿಕೊಂಡಿದ್ದರು. ಚಚ್ಚಾ ತಮ್ಮ ಹೊಲ ಮಾರಿ ಹುಬ್ಬಳ್ಳಿ ಸೇರಿ ಬಹಳ ವರ್ಷವಾಯಿತು. ಅಬ್ಬಾ ತೀರಿಕೊಂಡ ಮೇಲೆ ನಮ್ಮಿಬ್ಬರ ಹೆಸರಿಗೆ ಬಂದ ಎರಡೂವರೆ ಎಕರೆಯಲ್ಲಿ ಇಪ್ಪತ್ತು ಗುಂಟೆ ಆಕೆಯದು. “ಅಬ್ಬಾ ಮಾಡಿದ್ದನ್ನ ನಾವು ಕೆದರೂದು ಬ್ಯಾಡ. ಈಗ ಅಕಿಗೆ ಎಪ್ಪತ್ತು. ಇನ್ನ ಎಷ್ಟ ದಿನ?” ಎಂದ ಅಣ್ಣ. ಎಪ್ಪತ್ತಾದ ಮೇಲೆ ಹೊಲಕ್ಕೆ ಹೋಗಬೇಡವೆಂದು ನಾವು ಯಾರೂ ಆಕೆಗೆ ಹೇಳಿರಲಿಲ್ಲ. ಅವನ ಮನಸ್ಸು ಇನ್ನೂ ಬದಲಾಗಿಲ್ಲ. ನನ್ನ ಪಾಲಿನಲ್ಲಿಯೇ ಇಪ್ಪತ್ತು ಗುಂಟೆ ಬಿಡಿಸಿ ಆಕೆಯ ಹೆಸರಿಗೆ ಮಾಡುವುದೆಂದು ನಿರ್ಧರಿಸಿದೆ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಕಾಲು ಶತಮಾನ ತಡವಾದ ಬಾಕಿಗೆ ಬಡ್ಡಿಯನ್ನೂ ಸೇರಿಸದೆ ಅಸಲು ಕಟ್ಟುತ್ತಿದ್ದೇನೆ, ಅಷ್ಟೆ.

ಮೊದಲು ಹನ್ನೊಂದು-ಇ ನಕ್ಷೆಗೆ ಅರ್ಜಿ ಹಾಕಬೇಕು, ಸರ್ವೆಯವರು ಬಂದು ಅಳೆಯಬೇಕು, ಆಮೇಲೆ ನೋಂದಣಿ. ವಿಷಯ ತಿಳಿಸಿದಾಗ ಫುಪ್ಪು ಅಳಲಿಲ್ಲ, ದುವಾ ಮಾಡಲಿಲ್ಲ. “ಅಳಿಯಾಕ ಬರೂ ಮುಂದ ನನಗ ಹೇಳು. ಬದುವಿನ ಕಲ್ಲು ಎಲ್ಲಿತ್ತು ಅಂತ ನಿಮಗ್ಯಾರಿಗೂ ಗೊತ್ತಿಲ್ಲ,” ಎಂದಳು.

ತಾಲೂಕು ಕೇಂದ್ರದಲ್ಲಿ ಪತ್ರ ಬರೆಯುವವರ ಬಳಿ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ಅತ್ತಿಗೆ ಕೊಡೂದು ಹೌದಲ್ರೀ? ಹಂಗಾರ ಇದು ದಾನಪತ್ರ ಆಗತೈತಿ,” ಎಂದರು. ದಾನ ಅಲ್ಲ, ಆಕೆಯದನ್ನೇ ಆಕೆಗೆ ತಿರುಗಿಸುವುದು ಎಂದೆ. ಅವರು ನನ್ನ ಮುಖ ನೋಡಿ ನಕ್ಕರು. ಅದಕ್ಕೆ ಬೇರೆ ನಮೂನೆ ಇಲ್ಲ ಎಂದರು.

ಆಕೆ ಬಿಟ್ಟುಕೊಟ್ಟಾಗ ಕಾಗದದಲ್ಲಿ ಹಕ್ಕು ಎಂಬ ಶಬ್ದ ಇತ್ತು. ನಾವು ತಿರುಗಿಸುವಾಗ ಅದು ದಾನವಾಗಿದೆ. ನೋಂದಣಿಯ ದಿನ ಆ ಪತ್ರವನ್ನು ಫುಪ್ಪುವಿಗೆ ಓದಿ ಹೇಳಬೇಕಾದವನು ಈ ಸಲವೂ ನಾನೇ. ತಲೆಬರಹವನ್ನು ಓದುವಾಗ ನನ್ನ ತಲೆ ತಗ್ಗಿರುತ್ತದೆ.